ಗಿರಿಪಾತವೂ ಸಮ್ಯಕ್ತ್ವವೂ: ಕಾದಂಬರಿಗಳಲ್ಲಿ ಶಾಂತಲೆಯ ಮರಣ

ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಒಂದು, ಬೇಲೂರಿನ ಮದನಿಕೆಯರ ನಡುವೆ ನಿಂತ ನಾಟ್ಯವಿಶಾರದೆಯ ಚಿತ್ರ. ಇನ್ನೊಂದು, ಶಿವಗಂಗೆಯ ಶಿಖರದಿಂದ ಪ್ರಪಾತಕ್ಕೆ ಧುಮುಕಿದ ದುಃಖಿನಿಯ ಚಿತ್ರ. ಈ ಎರಡನ್ನೂ ನಾಡಿನ ಮನಸ್ಸಿನಲ್ಲಿ ನೆಲೆಗೊಳಿಸಿದ್ದರಲ್ಲಿ ಕಾದಂಬರಿ, ನಾಟಕ, ನೃತ್ಯರೂಪಕಗಳ ಪಾಲು ದೊಡ್ಡದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಶಾಸನಗಳಲ್ಲಿ ಮೂರನೆಯದೊಂದು ಚಿತ್ರವಿದೆ: ಗುರುಗಳ ಪಾದ ತೊಳೆದು ದತ್ತಿ ಬಿಡುವ, ಬಸದಿ ಕಟ್ಟಿಸುವ, ಬಿರುದುಗಳಿಂದ ತನ್ನ ಸ್ಥಾನವನ್ನು ಘೋಷಿಸಿಕೊಳ್ಳುವ ರಾಣಿಯ ಚಿತ್ರ. ಸೃಜನಶೀಲ ಸಾಹಿತ್ಯವು ಪ್ರಾಚೀನ ಕಾಲದ ಸಮರ್ಥ ಸ್ತ್ರೀಯರನ್ನು ಮರುಕಲ್ಪಿಸುವಾಗ ಶಾಸನದ ಚಿತ್ರವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ, ಎಲ್ಲಿ ಬಿಟ್ಟುಕೊಟ್ಟಿದೆ ಎಂಬುದನ್ನು ಪರಿಶೀಲಿಸಲು ಶಾಂತಲೆಗಿಂತ ತಕ್ಕ ನಿದರ್ಶನ ಕನ್ನಡದಲ್ಲಿ ಸಿಗುವುದು ಕಷ್ಟ.

ಮೊದಲು ಶಾಸನಗಳು ಹೇಳುವ ಸಂಗತಿಗಳನ್ನು ನೋಡಬಹುದು. ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ; ತಾಯಿ ಮಾಚಿಕಬ್ಬೆ ಜೈನ ಶ್ರಾವಕಿ. ತಾಯಿಯ ಕಡೆಯವರು ದಂಡನಾಯಕರ ಮನೆತನದವರು. ಬಲದೇವ ದಂಡನಾಯಕನು ಮಾತಾಮಹ, ಸಿಂಗಿಮಯ್ಯನು ಸೋದರಮಾವ. ಶಾಂತಲೆಯ ಗುರು ಪ್ರಭಾಚಂದ್ರ ಸಿದ್ಧಾಂತದೇವರು, ಕ್ರಿ.ಶ. 1115ರಲ್ಲಿ ಸಮಾಧಿಮರಣವನ್ನು ಹೊಂದಿದ ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರು. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದಾಗ ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳು ಈ ಜೈನ ರಾಣಿ. 1123ರಲ್ಲಿ ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿ, ಅದರ ಪೂಜೆಗೂ ಋಷಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಗ್ರಾಮವನ್ನು ಬಿಟ್ಟಳು. ಆ ಬಸದಿಗೆ ಬಂದ ಹೆಸರು ಅವಳ ಬಿರುದಿನಿಂದಲೇ ಬಂದದ್ದು: ಸವತಿಗಂಧವಾರಣ ಬಸದಿ.

ಶಾಸನಕವಿಗಳು ಅವಳಿಗೆ ಕೊಟ್ಟ ವಿಶೇಷಣಗಳ ಪಟ್ಟಿ ದೀರ್ಘವಾದದ್ದು. ಅಭಿನವರುಕ್ಮಿಣೀದೇವಿ, ಪತಿಹಿತಸತ್ಯಭಾಮೆ ಎಂಬಂಥವು ರಾಣಿಯರೆಲ್ಲರಿಗೂ ಸಲ್ಲುವ ಸಾಂಪ್ರದಾಯಿಕ ಹೊಗಳಿಕೆಗಳು. ಅವುಗಳ ಜೊತೆಯಲ್ಲಿಯೇ ವಿವೇಕೈಕಬೃಹಸ್ಪತಿ, ಪ್ರತ್ಯುತ್ಪನ್ನವಾಚಸ್ಪತಿ, ಗೀತವಾದ್ಯಸೂತ್ರಧಾರೆ, ಚತುಸ್ಸಮಯಸಮುದ್ಧರಣೆ, ಸಮ್ಯಕ್ತ್ವಚೂಡಾಮಣಿ ಎಂಬ ಮಾತುಗಳಿವೆ. ಬುದ್ಧಿ, ಸಮಯಸ್ಫೂರ್ತಿಯ ಮಾತು, ಕಲೆಯ ನಿರ್ದೇಶನ, ನಾಲ್ಕು ಸಮಯಗಳ ಪೋಷಣೆ, ಅಚಲವಾದ ಸಮ್ಯಗ್ದರ್ಶನ ಇವು ಈ ವಿಶೇಷಣಗಳು ಸೂಚಿಸುವ ಗುಣಗಳು. ಪ್ರಶಸ್ತಿಯ ಭಾಷೆಯಲ್ಲಿ ಅತಿಶಯೋಕ್ತಿ ಸಹಜ. ಆದರೆ ಯಾವ ಗುಣವನ್ನು ಅತಿಶಯವಾಗಿ ಹೇಳಬೇಕೆಂದು ಕವಿ ಆರಿಸಿಕೊಂಡನೋ ಆ ಆಯ್ಕೆಯೇ ಒಂದು ಸಾಕ್ಷ್ಯ. ಇಲ್ಲಿ ಆಯ್ಕೆಯಾದವುಗಳಲ್ಲಿ ವ್ಯಕ್ತಿತ್ವದ ಗುಣಗಳು ಬಹಳ. ಸೌಂದರ್ಯದ ವರ್ಣನೆ ಇದ್ದರೂ ಅದೇ ಪ್ರಧಾನವಾಗಿಲ್ಲ.

ಸವತಿಗಂಧವಾರಣೆ ಎಂಬ ಬಿರುದನ್ನು ಸೃಜನಶೀಲ ಲೇಖಕರೂ ಪ್ರವಾಸಿ ಕೈಪಿಡಿಗಳೂ ಅಂತಃಪುರದ ಅಸೂಯೆಯ ಕುರುಹಾಗಿ ಓದಿದ್ದುಂಟು. ಉದ್ವೃತ್ತರಾದ, ಎಂದರೆ ಮಿತಿ ಮೀರಿ ನಡೆವ ಸವತಿಯರಿಗೆ ಮದ್ದಾನೆಯಂತಿರುವವಳು ಎಂಬುದು ಆ ಬಿರುದಿನ ಪೂರ್ಣರೂಪದ ಅರ್ಥ. ಗಂಧವಾರಣವೆಂದರೆ ಮದೋದಕದ ಗಂಧದಿಂದಲೇ ಉಳಿದ ಆನೆಗಳನ್ನು ಹಿಮ್ಮೆಟ್ಟಿಸುವ ಆನೆ. ರಾಜರೂ ದಂಡನಾಯಕರೂ ಧರಿಸುತ್ತಿದ್ದ ಗಂಡ, ಗಜ, ಸಿಂಹಾದಿ ಬಿರುದುಗಳ ಜಾತಿಗೆ ಸೇರಿದ ಮಾತು ಇದು. ಬಮ್ಮಲದೇವಿ, ರಾಜಲದೇವಿ, ಲಕ್ಷ್ಮೀದೇವಿ ಮೊದಲಾದ ರಾಣಿಯರಿದ್ದ ಅರಮನೆಯಲ್ಲಿ ಒಬ್ಬೊಬ್ಬ ರಾಣಿಯ ಹಿಂದೆಯೂ ಒಂದೊಂದು ಮನೆತನ, ಒಂದೊಂದು ಸಂಬಂಧದ ಬಲವಿರುತ್ತಿತ್ತು. ಅಂಥಲ್ಲಿ ಪಟ್ಟಮಹಿಷಿಯ ಅಗ್ರಸ್ಥಾನವನ್ನು ಸಾರುವ ಈ ಬಿರುದು ರಾಜಕೀಯದ ಮಾತಾಗಿರುವುದೇ ಹೆಚ್ಚು ಸಂಭವನೀಯ. ಅದನ್ನು ಜಿನಾಲಯದ ಹೆಸರಾಗಿಸಿ ಕಲ್ಲಿನಲ್ಲಿ ನಿಲ್ಲಿಸಿದ ಧೈರ್ಯವನ್ನು ಅಸೂಯೆ ಎಂಬ ಒಂದೇ ಪದ ವಿವರಿಸಲಾರದು.

ಇನ್ನು ಮರಣದ ಸಂಗತಿ. ಶಾಂತಲೆಯ ಮರಣವನ್ನು ತಿಳಿಸುವ ಬೆಳಗೊಳದ ಶಾಸನವು ವಾಸ್ತವದಲ್ಲಿ ಅವಳ ತಾಯಿ ಮಾಚಿಕಬ್ಬೆಯ ಸ್ಮಾರಕಲೇಖ. ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರ, ಎಂದರೆ ಕ್ರಿ.ಶ. 1131ರಲ್ಲಿ, ಶಿವಗಂಗೆಯ ತೀರ್ಥದಲ್ಲಿ ಪಟ್ಟಮಹಾದೇವಿ ಸ್ವರ್ಗಗತೆಯಾದಳೆಂದು ಅದು ಹೇಳುತ್ತದೆ. ಆ ಬಳಿಕ ಮಗಳ ಅಗಲಿಕೆಯನ್ನು ಸಹಿಸಲಾರದೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳ ಉಪವಾಸದಿಂದ ಸಮಾಧಿಯನ್ನು ಸಾಧಿಸಿದಳು. ತಾಯಿಯ ಮರಣದ ವಿಧಿಯನ್ನು ಶಾಸನ ವಿವರವಾಗಿ ವರ್ಣಿಸುತ್ತದೆ. ಮಗಳ ಮರಣದ ಸ್ಥಳ ಮತ್ತು ತಿಥಿಗಳನ್ನು ಮಾತ್ರ ಹೇಳಿ, ರೀತಿಯ ವಿಷಯದಲ್ಲಿ ಮೌನವಾಗಿದೆ. ಈ ಮೌನದೊಳಕ್ಕೆ ಬಂದು ನೆಲೆಸಿದ್ದು ಬೆಟ್ಟದಿಂದ ಧುಮುಕಿದ ಕಥೆ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕೆ. ವಿ. ಅಯ್ಯರ್ ಅವರು ಬರೆದ ‘ಶಾಂತಲಾ’ ಕಾದಂಬರಿ ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ದೇಹದಾರ್ಢ್ಯಕ್ಕೆ ಹೆಸರಾದ ಅಯ್ಯರ್ ಅವರ ಲೇಖನಿಯಲ್ಲಿ ಲಾಲಿತ್ಯವಿತ್ತು. ‘ರೂಪದರ್ಶಿ’ಯ ಓದುಗರಿಗೆ ಅದು ಪರಿಚಿತವೇ. ಅವರ ಶಾಂತಲೆ ಕಲಾವಿದೆ, ಪ್ರೇಮಮಯಿ, ತ್ಯಾಗಮಯಿ. ಕಾದಂಬರಿ ಶಿವಗಂಗೆಯ ದುರಂತದತ್ತ ಸಾಗುತ್ತದೆ. ಹಿಂದಿನ ಘಟನೆಗಳೆಲ್ಲ ಆ ಅಂತ್ಯದ ಬೆಳಕಿನಲ್ಲಿಯೇ ಅರ್ಥ ಪಡೆಯುತ್ತವೆ. ದುರಂತಪ್ರಧಾನವಾದ ಕಥನಕ್ಕೆ ಇದು ಸಹಜವಾದ ಬಂಧ. ಓದುಗರ ಕಣ್ಣಲ್ಲಿ ನೀರು ತರಿಸಿದ ಆ ಕೃತಿಯ ಶಕ್ತಿಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆಡಳಿತ, ದಾನ, ವಿದ್ಯೆ, ಧರ್ಮಪೋಷಣೆಗಳಿಂದ ತುಂಬಿದ ಬದುಕು ಕೊನೆಯ ಒಂದು ಗಳಿಗೆಯ ಪೀಠಿಕೆಯಾಗಿಬಿಡುವುದು ಆ ಬಂಧದ ಬೆಲೆ.

ಸಿ. ಕೆ. ನಾಗರಾಜರಾಯರ ‘ಪಟ್ಟಮಹಿಷಿ ಶಾಂತಲದೇವಿ’ ಬೆಳಕು ಕಂಡದ್ದು 1978ರಲ್ಲಿ. ಭಾರತೀಯ ಜ್ಞಾನಪೀಠವು ಸ್ಥಾಪಿಸಿದ ಮೂರ್ತಿದೇವಿ ಪ್ರಶಸ್ತಿ ಮೊದಲ ಬಾರಿಗೆ ಸಂದದ್ದು ಈ ಕೃತಿಗೆ, 1983ರಲ್ಲಿ. ನಾಗರಾಜರಾಯರು ಬಂಜೆತನದ ಕೊರಗನ್ನೂ ಆತ್ಮಹತ್ಯೆಯ ಕಥೆಯನ್ನೂ ಒಪ್ಪಲಿಲ್ಲ. ಶಾಸನಗಳನ್ನು ದೀರ್ಘಕಾಲ ಅಭ್ಯಾಸ ಮಾಡಿ, ಶಾಂತಲೆಯನ್ನು ಬಾಲ್ಯದಿಂದ ಬೆಳೆಸುತ್ತ, ವಿದ್ಯೆ ವಿವೇಕಗಳಿಂದ ರಾಜ್ಯವ್ಯವಹಾರದಲ್ಲಿ ಪಾಲ್ಗೊಳ್ಳುವ ಪಟ್ಟಮಹಿಷಿಯನ್ನಾಗಿ ಚಿತ್ರಿಸಿದರು. ಅವರ ವಿಧಾನಕ್ಕೆ ಒಂದು ನಿದರ್ಶನ ಬೋಕಿಮಯ್ಯನ ಪಾತ್ರ. ಬೆಳಗೊಳದ ಆ ಸ್ಮಾರಕಶಾಸನದ ಪಾಠವನ್ನು ಬರೆದವನು ಜೈನ ಗುರುಗಳ ಗುಡ್ಡನಾದ, ಎಂದರೆ ಗೃಹಸ್ಥಶಿಷ್ಯನಾದ ಬೋಕಿಮಯ್ಯ. ಶಾಸನದ ಕೊನೆಯಲ್ಲಿ ಒಂದು ಹೆಸರಾಗಿ ಮಾತ್ರ ಉಳಿದಿದ್ದ ಈ ಲಿಪಿಕಾರನನ್ನು ಕಾದಂಬರಿಕಾರರು ಬಾಲಿಕೆ ಶಾಂತಲೆಯ ಉಪಾಧ್ಯಾಯನನ್ನಾಗಿ ಮಾಡಿದರು. ಇದಕ್ಕೆ ಶಾಸನಾಧಾರವಿಲ್ಲ, ಶಾಸನವಿರೋಧವೂ ಇಲ್ಲ. ರಾಣಿಯ ಮತ್ತು ಅವಳ ತಾಯಿಯ ಕೊನೆಯನ್ನು ಬರೆದ ಕೈಯೇ ಅವಳ ಮೊದಲಕ್ಷರವನ್ನು ತಿದ್ದಿರಬಹುದೆಂಬ ಈ ಊಹೆ ಚಾರಿತ್ರಿಕ ಕಲ್ಪನೆಯ ಉತ್ತಮ ಮಾದರಿ. ತಿಳಿದದ್ದನ್ನು ಕೆಡಿಸದೆ ತಿಳಿಯದ ಎಡೆಯನ್ನು ತುಂಬುವುದು ಹೇಗೆ ಎಂಬುದಕ್ಕೆ ಸಂಶೋಧಕರೂ ಇದನ್ನು ನೋಡಬಹುದು.

ಹಾಗಾದರೆ ಧುಮುಕಿದ ಕಥೆ ಏಕೆ ಕೆಡಿಸುವ ಕಲ್ಪನೆ? ಉತ್ತರವು ಜೈನ ಶ್ರಾವಕಾಚಾರದಲ್ಲಿದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸಮ್ಯಗ್ದರ್ಶನವನ್ನು ಕೆಡಿಸುವ ಮೂಢತೆಗಳನ್ನು ವಿವರಿಸುವಾಗ ಲೋಕಮೂಢತೆಗೆ ಕೆಲವು ಉದಾಹರಣೆಗಳನ್ನು ಕೊಡುತ್ತದೆ. ಪುಣ್ಯಬುದ್ಧಿಯಿಂದ ನದೀಸಮುದ್ರಗಳಲ್ಲಿ ಮೀಯುವುದು, ಮರಳು ಕಲ್ಲುಗಳನ್ನು ರಾಶಿ ಹಾಕುವುದು ಇವುಗಳ ಜೊತೆಗೆ ಅಲ್ಲಿ ಹೇಳಿರುವವು ಗಿರಿಪಾತ ಮತ್ತು ಅಗ್ನಿಪಾತ, ಎಂದರೆ ಬೆಟ್ಟದಿಂದ ಬೀಳುವುದು ಮತ್ತು ಬೆಂಕಿಗೆ ಬೀಳುವುದು. ಅದೇ ಗ್ರಂಥ ಸಲ್ಲೇಖನವನ್ನು ಬೇರೆಯಾಗಿ ನಿರೂಪಿಸುತ್ತದೆ: ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು, ಅದಕ್ಕೆ ಮುನ್ನ ರಾಗದ್ವೇಷಗಳನ್ನು ತೊರೆದು, ಬಂಧುಪರಿಜನರನ್ನು ಕ್ಷಮಿಸಿ, ಅವರಿಂದ ಕ್ಷಮೆ ಪಡೆದು, ಆಹಾರವನ್ನು ಕ್ರಮಕ್ರಮವಾಗಿ ಕಡಿಮೆ ಮಾಡುವುದು. ಒಂದು ಮೂಢತೆ, ಇನ್ನೊಂದು ವ್ರತ. ಇವೆರಡರ ನಡುವಿನ ಗೆರೆಯನ್ನು ಶಾಂತಲೆಯ ಗುರುಪರಂಪರೆ ಚೆನ್ನಾಗಿ ಬಲ್ಲದು. ಸಮ್ಯಕ್ತ್ವಚೂಡಾಮಣಿ ಎಂಬ ಬಿರುದನ್ನು ಹೊತ್ತ ಶ್ರಾವಕಿಯಿಂದ ಗಿರಿಪಾತವನ್ನು ಮಾಡಿಸುವ ಕಥನ ಅವಳು ಬಾಳಿದ ನಂಬಿಕೆಯನ್ನೇ ಅವಳಿಂದ ಕಿತ್ತುಕೊಳ್ಳುತ್ತದೆ.

ಈ ವಾದಕ್ಕೆ ಒಂದು ಮಿತಿಯುಂಟು. ಶಾಸ್ತ್ರವು ನಿಷೇಧಿಸಿದ್ದೆಲ್ಲ ಬಾಳಿನಲ್ಲಿ ನಡೆಯಲಿಲ್ಲವೆಂದು ಹೇಳುವಂತಿಲ್ಲ. ಹತ್ತನೆಯ ಶತಮಾನದಲ್ಲಿ ಚಾಲುಕ್ಯರ ಸೇವೆಯಲ್ಲಿದ್ದ ನಾಗದೇವನು ಮಡಿದಾಗ ಅವನ ಇಬ್ಬರು ಪತ್ನಿಯರಲ್ಲಿ ಒಬ್ಬಳಾದ ಗುಂಡಮಬ್ಬೆ ಸಹಗಮನ ಮಾಡಿದಳು. ಅವಳು ಜೈನ ಮನೆತನದ ಮಗಳೇ. ಆದುದರಿಂದ ಶಾಸ್ತ್ರವಾಕ್ಯವೊಂದೇ ಚರಿತ್ರೆಯ ಪ್ರಮಾಣವಾಗದು. ಆದರೆ ಅದರೊಂದಿಗೆ ಶಾಸನಗಳ ಸ್ವಭಾವವನ್ನೂ ಪರಿಗಣಿಸಬೇಕು. ಹೊಯ್ಸಳ ಕಾಲದ ಶಾಸನಗಳು ಸ್ವಇಚ್ಛೆಯ ಮರಣವನ್ನು ಮುಚ್ಚಿಡುವುದಿಲ್ಲ, ಕೊಂಡಾಡುತ್ತವೆ. ಇಮ್ಮಡಿ ಬಲ್ಲಾಳನೊಂದಿಗೆ ಪ್ರಾಣಬಿಟ್ಟ ಕುವರಲಕ್ಷ್ಮ ದಂಡನಾಯಕ ಮತ್ತು ಅವನ ಪತ್ನಿ ಸುಗ್ಗಲದೇವಿಯರ ಆತ್ಮಾರ್ಪಣೆಯನ್ನು ಹಳೇಬೀಡಿನ ಶಾಸನಸ್ತಂಭ ಶಿಲ್ಪಸಹಿತವಾಗಿ ಸಾರುತ್ತದೆ. ನಾಡಿನ ಪಟ್ಟಮಹಿಷಿಯೇ ತ್ಯಾಗಕ್ಕಾಗಿ ಶಿಖರದಿಂದ ಧುಮುಕಿದ್ದರೆ ಅದನ್ನು ಹಾಡಲು ಆ ಕಾಲಕ್ಕೆ ಸಂಕೋಚವಿರಬೇಕಾಗಿರಲಿಲ್ಲ. ಶ್ರಾವಕಾಚಾರ, ಬಿರುದು, ಶಾಸನದ ರೂಢಿ ಈ ಮೂರೂ ಒಂದೇ ದಿಕ್ಕನ್ನು ತೋರಿಸುವುದರಿಂದ ದುರಂತಕಥೆಯ ತಳಹದಿ ತೀರ ದುರ್ಬಲವೆಂದು ನಿರ್ಣಯಿಸಬಹುದು.

ಆದರೂ ಕಥೆ ಗಟ್ಟಿಯಾಗಿ ಉಳಿದಿದೆ. ಬೆಂಗಳೂರಿನ ಪಶ್ಚಿಮದಲ್ಲಿರುವ ಸುಂಕದಕಟ್ಟೆಯಂತಹ ಬಡಾವಣೆಗಳಿಂದ ವಾರಾಂತ್ಯಕ್ಕೆ ಬೆಟ್ಟ ಹತ್ತಲು ಹೊರಡುವವರಿಗೆ ನೆಲಮಂಗಲ ತಾಲ್ಲೂಕಿನ ಶಿವಗಂಗೆ ಹತ್ತಿರದ ತಾಣ. ಗಂಗಾಧರೇಶ್ವರನ ಗುಡಿಯನ್ನು ದಾಟಿ ಶಿಖರವನ್ನು ಮುಟ್ಟಿದವರಿಗೆ ಶಾಂತಲೆಯ ಹೆಸರಿನ ಪ್ರಪಾತವನ್ನು ತೋರಿಸುವ ವಾಡಿಕೆಯಿದೆ. ಇಂಗ್ಲಿಷಿನ ‘ಶಾಂತಲಾ ಡ್ರಾಪ್’ ಎಂಬ ಹೆಸರೂ ಬಳಕೆಗೆ ಬಂದಿದೆ. ಅವಳು ಬದುಕಿ ಮಾಡಿದ್ದನ್ನು ನೋಡಬೇಕಾದರೆ ಬೆಳಗೊಳಕ್ಕೋ ಬೇಲೂರಿಗೋ ಹೋಗಿ ಕಲ್ಲಿನ ಅಕ್ಷರವನ್ನು ಓದಬೇಕು. ಸತ್ತಳೆಂದು ಹೇಳುವುದನ್ನು ನೋಡಲು ಬಂಡೆಯ ಅಂಚಿನಲ್ಲಿ ನಿಂತರೆ ಸಾಕು. ಕಥೆ ಗೆಲ್ಲುವುದಕ್ಕೆ ಈ ಸೌಲಭ್ಯವೂ ಒಂದು ಕಾರಣ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಸುಂಕದಕಟ್ಟೆ ಎಂಬ ಊರಹೆಸರು ಉಳಿಸಿಕೊಂಡಿರುವ ‘ಸುಂಕ’ ಎಂಬ ಪದ ಹೊಯ್ಸಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸುಂಕದ ಹೆಗ್ಗಡೆಗಳು, ದೇವಾಲಯಕ್ಕೆ ಬಿಟ್ಟ ಸುಂಕ, ಕೆರೆಯ ಕೆಳಗಿನ ಗದ್ದೆ, ಗಾಣದೆರೆ ಇವು ಶಾಸನಲೋಕದ ನಿತ್ಯದ ಮಾತುಗಳು. ಮಧ್ಯಕಾಲೀನ ಕರ್ನಾಟಕದಲ್ಲಿ ಅಧಿಕಾರವೆಂದರೆ ಬಹುಮಟ್ಟಿಗೆ ಇವುಗಳ ಮೇಲಿನ ಹಕ್ಕು. ಗ್ರಾಮವನ್ನು ದತ್ತಿ ಬಿಟ್ಟ ರಾಣಿ ಆ ಹಕ್ಕನ್ನು ಚಲಾಯಿಸಿದವಳು. ಚಾರಿತ್ರಿಕ ಕಾದಂಬರಿ ಈ ನೆಲೆಯನ್ನು ಪ್ರವೇಶಿಸುವುದು ಅಪೂರ್ವ. ರಾಣಿಯ ಸಾಮರ್ಥ್ಯವನ್ನು ಅದು ಸಾಮಾನ್ಯವಾಗಿ ಪ್ರೇಮದಲ್ಲಿ, ನೃತ್ಯದಲ್ಲಿ, ಅಪರೂಪಕ್ಕೊಮ್ಮೆ ಯುದ್ಧದಲ್ಲಿ ತೋರಿಸುತ್ತದೆ. ಕಂದಾಯದ ಲೆಕ್ಕದಲ್ಲಿ, ಕೆರೆಯ ತೂಬಿನಲ್ಲಿ ತೋರಿಸುವುದಿಲ್ಲ. ಸ್ತ್ರೀಯ ಅಧಿಕಾರ ಅಲ್ಲಿಯೇ ನೆಲೆಗೊಂಡಿದ್ದುದರಿಂದ ಈ ಲೋಪ ಸಣ್ಣದಲ್ಲ.

ಮರಣವು ಬದುಕನ್ನು ನುಂಗುವ ಈ ಪ್ರವೃತ್ತಿ ಕನ್ನಡಕ್ಕಷ್ಟೇ ಸೀಮಿತವಲ್ಲ. ಈಜಿಪ್ಟಿನ ಏಳನೆಯ ಕ್ಲಿಯೋಪಾತ್ರ ಕ್ರಿ.ಪೂ. 51ರಿಂದ 30ರವರೆಗೆ ಆಳಿದಳು. ಅನೇಕ ಭಾಷೆಗಳನ್ನು ಬಲ್ಲವಳೆಂದು ಪ್ಲೂಟಾರ್ಕನು ಬರೆದಿದ್ದಾನೆ. ಲೋಕದ ನೆನಪಿನಲ್ಲಿ ಉಳಿದದ್ದು ಮಾತ್ರ ಸರ್ಪದಂಶದ ಕೊನೆಯ ದೃಶ್ಯ. ಗೆದ್ದವರಾದ ರೋಮನರು ಕಟ್ಟಿದ ಚಿತ್ರವನ್ನು ಶೇಕ್ಸ್‌ಪಿಯರನ ನಾಟಕ ಅಮರಗೊಳಿಸಿತು. 1997ರಲ್ಲಿ ಬಂದ ಮಾರ್ಗರೆಟ್ ಜಾರ್ಜಳ ಕಾದಂಬರಿ ಕ್ಲಿಯೋಪಾತ್ರಳನ್ನೇ ನಿರೂಪಕಿಯನ್ನಾಗಿ ಮಾಡಿತು. ಜರ್ಮನ್ ಲೇಖಕಿ ಕ್ರಿಸ್ಟಾ ವೋಲ್ಫ್ 1983ರಲ್ಲಿ ಟ್ರಾಯ್ ನಗರದ ಕಸಾಂದ್ರಳಿಗೆ ದನಿ ಕೊಟ್ಟಳು. ಇಂತಹ ಪುನಃಸೃಷ್ಟಿಗಳಲ್ಲಿ ಎತ್ತುವ ಪ್ರಶ್ನೆ ನಾಗರಾಜರಾಯರ ಪ್ರಶ್ನೆಗೆ ಸಮೀಪವಾದದ್ದು: ಬೇರೆಯವರು ಬರೆದಿಟ್ಟ ಕೊನೆಯಿಂದ ಒಬ್ಬ ಹೆಣ್ಣಿನ ಬದುಕನ್ನು ಬಿಡಿಸಿಕೊಳ್ಳುವುದು ಹೇಗೆ?

ಕನ್ನಡದಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಒಂದು ಉತ್ತರ ದೊರಕಿತ್ತು. ಗುಂಡಮಬ್ಬೆ ಚಿತೆಯೇರಿದಾಗ ಅವಳ ಅಕ್ಕನೂ ಸವತಿಯೂ ಆದ ಅತ್ತಿಮಬ್ಬೆ ಬದುಕಿ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿದಳು, ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಗೆ ಸಂಬಂಧಿಸಿದ ಶಾಸನ 1007ರದು. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನು ದಾನಚಿಂತಾಮಣಿ ಎಂದು ಕೊಂಡಾಡಿದ್ದು ಈ ಬದುಕಿದವಳನ್ನು. ಸಹಗಮನವನ್ನು ಪೂಜಿಸುತ್ತಿದ್ದ ಕಾಲದಲ್ಲಿ, ಉಳಿದು ದುಡಿದ ವಿಧವೆಯೊಬ್ಬಳ ಆಶ್ರಯದಲ್ಲಿ ಕಾವ್ಯ ಹುಟ್ಟಿ, ಅವಳ ಬಾಳನ್ನೇ ಆದರ್ಶವಾಗಿ ಎತ್ತಿಹಿಡಿದದ್ದು ಸಾಮಾನ್ಯ ಸಂಗತಿಯಲ್ಲ.

ಮರಣವನ್ನು ಆರಿಸಿಕೊಂಡವರಲ್ಲಿಯೂ ಶಾಸನಗಳು ಬೇರೆ ಮಾದರಿಯನ್ನು ತೋರುತ್ತವೆ. ರಾಷ್ಟ್ರಕೂಟರ ಕಾಲದಲ್ಲಿ, ಹತ್ತನೆಯ ಶತಮಾನದ ಆದಿಭಾಗದಲ್ಲಿ, ನಾಗರಖಂಡದ ನಾಳ್ಗಾವುಂಡಿಕೆಯನ್ನು ಗಂಡನ ತರುವಾಯ ವಹಿಸಿಕೊಂಡ ಜಕ್ಕಿಯಬ್ಬೆ ಆಡಳಿತದಲ್ಲಿ ದಕ್ಷೆಯಾಗಿದ್ದಳು. ರೋಗ ಬಾಧಿಸಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದಳು. ಶಾಂತಲೆಯ ಕಾಲದಲ್ಲಿಯೇ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿ ಚಿಕ್ಕಬೆಟ್ಟದಲ್ಲಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿ, 1121ರಲ್ಲಿ ಸಮಾಧಿಮರಣವನ್ನು ಪಡೆದಳು. ಈ ಮರಣಗಳಲ್ಲಿ ಸಿದ್ಧತೆಯಿದೆ, ಗುರುವಿನ ಅನುಮತಿಯಿದೆ, ಹೊಣೆಗಳ ಹಸ್ತಾಂತರವಿದೆ, ಹತಾಶೆಯಿಲ್ಲ. ಇವನ್ನು ವಸ್ತುವಾಗಿ ತೆಗೆದುಕೊಳ್ಳುವ ಕಾದಂಬರಿಕಾರನಿಗೆ ಧುಮುಕುವಿಕೆಗಿಂತ ಕಠಿನವಾದ ಕೆಲಸ ಕಾದಿದೆ. ಒಂದು ಕ್ಷಣದ ಆವೇಶಕ್ಕೆ ಒಂದು ಪುಟ ಸಾಕಾದರೆ, ಒಂದು ತಿಂಗಳ ಉಪವಾಸದ ಶಾಂತಿಗೆ ಇಡೀ ಅಧ್ಯಾಯವೇ ಬೇಕು.

ಇತ್ತೀಚಿನ ಕನ್ನಡ ಕಾದಂಬರಿ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿರುವುದು ಆಶಾದಾಯಕ. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಎಂದರೆ 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಪ್ರಾಚೀನ ಕಾಲದವಳಲ್ಲದಿದ್ದರೂ ಬಹುಕಾಲ ಮರೆವೆಯಲ್ಲಿದ್ದ ಅವಳನ್ನು ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿ ಸಾಮಾನ್ಯ ಓದುಗರ ಬಳಿಗೆ ತಂದಿತು. ಮೆಣಸಿನ ವ್ಯಾಪಾರ, ಬಂದರು, ಸಂಧಾನಗಳಿಲ್ಲದೆ ಈ ರಾಣಿಯ ಕಥೆಯನ್ನು ಹೇಳಲಾಗದು. ಅರ್ಥವ್ಯವಹಾರವೇ ಇಲ್ಲಿ ಕಥನಕ್ಕೆ ಆಧಾರ.

ಶಾಂತಲೆಯ ವಿಷಯದಲ್ಲಿ ಇನ್ನೂ ಬರೆಯಬೇಕಾದ ಕಾದಂಬರಿಯ ಸಾಮಗ್ರಿ ಶಾಸನದಲ್ಲಿಯೇ ಇದೆ. ಶೈವ ತಂದೆ, ಜೈನ ತಾಯಿ, ವಿಷ್ಣುವಿಗೆ ಗುಡಿ ಕಟ್ಟಿಸಿದ ಪತಿ. ಚತುಸ್ಸಮಯಗಳನ್ನು ಎತ್ತಿಹಿಡಿದವಳೆಂಬ ಬಿರುದು. ಕೊನೆಗೆ ಶೈವಕ್ಷೇತ್ರವಾದ ಶಿವಗಂಗೆಯಲ್ಲಿ ಅವಸಾನ. ಜಿನಸಮಯವನ್ನು ಬಿಡದೆ ಎಲ್ಲ ಸಮಯಗಳೊಡನೆ ಬಾಳಿದ ಈ ಬಗೆ ಇಂದಿನ ಓದುಗರಿಗೆ ಪ್ರಪಾತದ ಕಥೆಗಿಂತ ಹೆಚ್ಚು ಅಗತ್ಯವಾದದ್ದು. ಮತಗಳ ನಡುವೆ ಒಬ್ಬ ರಾಣಿ ನಿತ್ಯವೂ ಹೇಗೆ ನಡೆದುಕೊಂಡಳು, ಯಾವ ದತ್ತಿಗೆ ಯಾರ ಮಾತನ್ನು ಕೇಳಿದಳು, ತಾಯಿಯೊಡನೆ ಏನನ್ನು ಹಂಚಿಕೊಂಡಳು ಎಂಬುದನ್ನು ಕಲ್ಪಿಸಲು ಪ್ರತಿಭೆ ಬೇಕು. ಶಾಸನಗಳ ಪಾಠಗಳು 1889ರಲ್ಲಿ ಬಿ. ಎಲ್. ರೈಸ್ ಅವರ ಸಂಪುಟದಲ್ಲಿಯೂ, 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿಯೂ ಅಚ್ಚಾಗಿ, ಅಭ್ಯಾಸಿಗಳಿಗೆ ಸುಲಭವಾಗಿ ದೊರೆಯುತ್ತಿವೆ.

ಬೋಕಿಮಯ್ಯನು ಶಾಂತಲೆಯ ಮರಣಕ್ಕೆ ಸ್ಥಳವನ್ನೂ ತಿಥಿಯನ್ನೂ ಕೊಟ್ಟು ಮುಂದೆ ಸಾಗಿದನು. ಅವಳ ಗುಣಗಳಿಗೆ, ಗುರುಗಳಿಗೆ, ಕುಲಕ್ಕೆ, ದಾನಕ್ಕೆ ಆ ಪರಂಪರೆಯ ಶಾಸನಗಳು ಸಾಲುಸಾಲುಗಳನ್ನು ಮೀಸಲಿಟ್ಟಿವೆ. ಯಾವುದಕ್ಕೆ ಎಷ್ಟು ಅಕ್ಷರ ಸಲ್ಲಬೇಕೆಂಬ ಆ ಪ್ರಮಾಣಪ್ರಜ್ಞೆಯನ್ನು ಕಾದಂಬರಿಕಾರರು ಮನಗಂಡರೆ ಶಾಂತಲೆ ಬಂಡೆಯ ಅಂಚಿನಿಂದ ತನ್ನ ಬಸದಿಗೆ ಮರಳುತ್ತಾಳೆ.